ಮ್ಯಾಕ್ಯುಲಾ ತೊಂದರೆ: ಪ್ರತಿ ಸಲ ಓಸಿಟಿ ಸ್ಕ್ಯಾನ್ ಬೇಕಾ? ಅನುಭವ ಇದ್ದವರು ಹೇಳಿ

ಕೇಳಿದವರು, ದಾವಣಗೆರೆಯಿಂದ

ಎಲ್ಲರಿಗೂ ನಮಸ್ಕಾರ. ನಮ್ಮ ಅಮ್ಮನಿಗೆ 74 ವರ್ಷ. ಪೇಪರ್ ಓದುವಾಗ ಸಾಲು ಸೊಟ್ಟ ಕಾಣುತ್ತದೆ, ನಡುವಿನ ಅಕ್ಷರ ಮಸುಕು ಅನ್ನುತ್ತಿದ್ದರು. ಕಣ್ಣಿನ ಡಾಕ್ಟರಿಗೆ ತೋರಿಸಿದಾಗ ರೆಟಿನಾ (ಕಣ್ಣಿನ ಹಿಂಭಾಗದ ಪರದೆ) ಡಾಕ್ಟರ್ ಹತ್ತಿರ ಕಳಿಸಿದರು. ವಯಸ್ಸಿಗೆ ಬರುವ ಮ್ಯಾಕ್ಯುಲಾ ತೊಂದರೆ, ಬಲಗಣ್ಣು ವೆಟ್, ಎಡಗಣ್ಣು ಡ್ರೈ ಅಂದಿದ್ದಾರೆ. ಮ್ಯಾಕ್ಯುಲಾ ಅಂದರೆ ರೆಟಿನಾದ ನಡುಭಾಗವಂತೆ. ಬಲಗಣ್ಣಿಗೆ ಇಂಜೆಕ್ಷನ್ ಶುರುವಾಗಿದೆ. ಹೋದಾಗಲೆಲ್ಲ ಎರಡೂ ಕಣ್ಣಿಗೆ ಓಸಿಟಿ, ಅಂದರೆ ರೆಟಿನಾದ ಪದರಗಳನ್ನು ತೋರಿಸುವ ಸ್ಕ್ಯಾನ್, ಮಾಡಿಸುತ್ತಾರೆ. ಈಗ ಡೈ ಕೊಟ್ಟು ಫೋಟೋ ತೆಗೆಯುವ ಟೆಸ್ಟ್ ಕೂಡ ಬರೆದುಕೊಟ್ಟಿದ್ದಾರೆ. ಅಮ್ಮನಿಗೆ ಶುಗರ್ ಇದೆ. ಇಷ್ಟೊಂದು ಸ್ಕ್ಯಾನ್ ಬೇಕಾ? ಕಣ್ಣಿಗೆ, ಕಿಡ್ನಿಗೆ ಏನೂ ಆಗುವುದಿಲ್ಲವಾ? ರಿಪೋರ್ಟಿನಲ್ಲಿ ಬಣ್ಣದ ಚಿತ್ರ ಇರುತ್ತದೆ, ನಮಗೆ ಏನೂ ಗೊತ್ತಾಗುವುದಿಲ್ಲ. ದಯವಿಟ್ಟು ತಿಳಿಸಿ.

ಬೆಂಗಳೂರಿನಿಂದ, ಅಪ್ಪನಿಗೆ ವೆಟ್ ಎಎಂಡಿ (ಇದೇ ಮ್ಯಾಕ್ಯುಲಾ ತೊಂದರೆಯ ವೆಟ್ ಬಗೆ) ಇದೆ

ಮೇಡಂ, ಮೊದಲು ಭಯ ಬಿಡಿ. ಓಸಿಟಿಯಲ್ಲಿ ಎಕ್ಸ್‌ರೇ ಇಲ್ಲ. ಒಳಗೆ ಹೋಗುವುದು ಬರೀ ಬೆಳಕು, ಅದೂ ಇನ್‌ಫ್ರಾರೆಡ್ ಕಡೆಯ ಬೆಳಕು. ರೆಟಿನಾದ ಪದರಗಳಿಗೆ ತಾಗಿ ಅದು ವಾಪಸ್ ಬರುತ್ತದೆ. ಯಾವ ಆಳದಿಂದ ಎಷ್ಟು ಬಂತು ಅಂತ ಲೆಕ್ಕ ಹಾಕಿ ಮೆಷಿನ್ ಚಿತ್ರ ಬಿಡಿಸುತ್ತದೆ. 1991ರಲ್ಲಿ ಅಮೆರಿಕದ ಎಂಐಟಿಯಲ್ಲಿದ್ದ ಡೇವಿಡ್ ಹುವಾಂಗ್, ಜೇಮ್ಸ್ ಫ್ಯೂಜಿಮೊಟೊ ಮತ್ತು ಜೊತೆಗಾರರು ಈ ವಿಧಾನವನ್ನು ಪ್ರಕಟಿಸಿದರು. ಈಗಿನ ಮೆಷಿನ್‌ಗಳು ಸುಮಾರು 5ರಿಂದ 7 ಮೈಕ್ರಾನ್‌ನಷ್ಟು ಸೂಕ್ಷ್ಮ ವ್ಯತ್ಯಾಸವನ್ನೂ ತೋರಿಸುತ್ತವೆ. ತಲೆಕೂದಲಿನ ದಪ್ಪದಲ್ಲಿ ಹತ್ತನೇ ಒಂದು ಭಾಗ ಅಂದುಕೊಳ್ಳಿ. ಗದ್ದ ಇಟ್ಟು, ಹಣೆ ತಾಗಿಸಿ, ಒಳಗೆ ಕಾಣುವ ಗುರುತನ್ನು ನೋಡುತ್ತಾ ಕೂತರೆ ಸಾಕು. ನೋವಿಲ್ಲ.

ಇನ್ನು ಪ್ರತಿ ಸಲ ಯಾಕೆ ಅನ್ನುವುದು. ವೆಟ್ ಅಂದರೆ ಮ್ಯಾಕ್ಯುಲಾ ಕೆಳಗೆ ಬೆಳೆಯಬಾರದ ರಕ್ತನಾಳ ಬೆಳೆದು, ಅದರಿಂದ ನೀರು, ಕೆಲವೊಮ್ಮೆ ರಕ್ತ ಸೋರುತ್ತದೆ. ಡ್ರೈ ಬಗೆಯಲ್ಲಿ ಈ ಸೋರಿಕೆ ಇರುವುದಿಲ್ಲ. ಇಂಜೆಕ್ಷನ್ ಆ ಸೋರಿಕೆಯನ್ನು ತಡೆಯುತ್ತದೆ. ಆದರೆ ಔಷಧದ ಶಕ್ತಿ ಕೆಲವು ವಾರದಲ್ಲಿ ಇಳಿಯುತ್ತದೆ. ಎಷ್ಟು ವಾರ ಅನ್ನುವುದು ಒಬ್ಬೊಬ್ಬರಿಗೆ ಒಂದೊಂದು ಥರ. ಸಾಮಾನ್ಯವಾಗಿ ಮೊದಲು ತಿಂಗಳಿಗೊಂದರಂತೆ ಮೂರು ಕೊಡುತ್ತಾರೆ. ಆಮೇಲೆ ಕಣ್ಣು ಒಣಗಿದ್ದರೆ ಅಂತರವನ್ನು 6 ವಾರ, 8 ವಾರ, 10 ವಾರ ಅಂತ ನಿಧಾನವಾಗಿ ಹೆಚ್ಚಿಸುತ್ತಾರೆ. ನೀರು ಮತ್ತೆ ಕಂಡರೆ ಕಡಿಮೆ ಮಾಡುತ್ತಾರೆ. ಇದನ್ನು ತೀರ್ಮಾನ ಮಾಡುವುದೇ ಓಸಿಟಿ ನೋಡಿ. ಸ್ಕ್ಯಾನ್ ಬೇಡ ಅಂದರೆ ಡಾಕ್ಟರ್ ಅಂದಾಜಿನ ಮೇಲೆ ಇಂಜೆಕ್ಷನ್ ಕೊಡಬೇಕಾಗುತ್ತದೆ, ಜಾಸ್ತಿಯೂ ಆಗಬಹುದು, ಕಡಿಮೆಯೂ ಆಗಬಹುದು. ಸ್ಕ್ಯಾನ್ ದುಡ್ಡು ದಂಡ ಅಂತ ನಮ್ಮ ನೆಂಟರೂ ಹೇಳಿದ್ದರು. ನನಗೆ ಹಾಗೆ ಅನ್ನಿಸುವುದಿಲ್ಲ.

ಒಂದು ಉದಾಹರಣೆ ಹೇಳುತ್ತೇನೆ. ಅಪ್ಪ ಒಮ್ಮೆ ಏನೂ ತೊಂದರೆ ಇಲ್ಲ, ಚೆನ್ನಾಗಿ ಕಾಣುತ್ತಿದೆ ಅಂದರು. ಗೋಡೆಯ ಚಾರ್ಟಿನಲ್ಲಿ ಹಿಂದಿನ ಸಲ ಓದಿದ ಸಾಲನ್ನೇ ಓದಿದರು. ಡಾಕ್ಟರ್ ಕಂಪ್ಯೂಟರಿನಲ್ಲಿ ಹಳೆಯ ಸ್ಕ್ಯಾನನ್ನು ಎಡಕ್ಕೆ, ಹೊಸದನ್ನು ಬಲಕ್ಕೆ ಇಟ್ಟು ತೋರಿಸಿದರು. ನಡುವಿನ ತಗ್ಗಿನ ಪಕ್ಕದಲ್ಲಿ, ಕೆಳಗಿನ ಬಿಳಿ ಗೆರೆಯ ಮೇಲೆ, ಸಣ್ಣ ಕಪ್ಪು ಸೀಳು. ಹಳೆಯದರಲ್ಲಿ ಅದು ಇರಲಿಲ್ಲ. ಅಷ್ಟೇ ನೋಡಿ, 10 ವಾರದಿಂದ ವಾಪಸ್ 8 ವಾರಕ್ಕೆ ತಂದರು. ದೃಷ್ಟಿ ಇಳಿಯುವ ಮೊದಲೇ ನೀರು ಕಂಡಿತ್ತು. ಇಳಿದ ಮೇಲೆ ಪೂರ್ತಿ ವಾಪಸ್ ಬರುತ್ತದೆ ಅಂತ ಯಾರೂ ಭರವಸೆ ಕೊಡಲಾರರು.

ಎಡಗಣ್ಣಿಗೂ ಯಾಕೆ ಅಂದರೆ, ಒಂದು ಕಣ್ಣು ವೆಟ್ ಆಗಿದ್ದರೆ ಇನ್ನೊಂದೂ ಹಾಗಾಗುವ ಸಂಭವ ಜಾಸ್ತಿ.

ಚಿತ್ರ ಓದುವುದನ್ನು ಸ್ವಲ್ಪ ಕಲಿತರೆ ನಿಮಗೇ ಧೈರ್ಯ ಬರುತ್ತದೆ. ಬಣ್ಣದ ಮ್ಯಾಪನ್ನು ಸದ್ಯಕ್ಕೆ ಬಿಡಿ, ಕಪ್ಪು ಬಿಳುಪಿನ ಅಡ್ಡ ಸೀಳು, ಅಂದರೆ ರೆಟಿನಾವನ್ನು ಕತ್ತರಿಸಿ ಪಕ್ಕದಿಂದ ನೋಡಿದಂಥ ಚಿತ್ರ, ನೋಡಿ. ಆರೋಗ್ಯವಾದ ಕಣ್ಣಿನಲ್ಲಿ ನಡುವೆ ಒಂದು ನಯವಾದ ತಗ್ಗು ಇರುತ್ತದೆ. ಕೆಳಗೆ ದಪ್ಪ ಬಿಳಿ ಗೆರೆ ಸಮವಾಗಿ ಹೋಗಿರುತ್ತದೆ. ಆ ಗೆರೆ ಅಲ್ಲಲ್ಲಿ ಉಬ್ಬಿದ್ದರೆ ಅವು ಡ್ರೂಸೆನ್, ಅಂದರೆ ಪದರದ ಕೆಳಗೆ ಸೇರಿಕೊಂಡ ಕೊಬ್ಬಿನಂಥ ಕಸ. ನಿಮ್ಮ ಅಮ್ಮನ ಎಡಗಣ್ಣಿನಲ್ಲಿ ಇವು ಕಾಣಬಹುದು. ನೀರು ಕಪ್ಪಗೆ ಕಾಣುತ್ತದೆ. ರೆಟಿನಾ ಒಳಗಿದ್ದರೆ ದುಂಡು ತೂತುಗಳ ಥರ, ಕೆಳಗಿದ್ದರೆ ಉದ್ದನೆಯ ಕಪ್ಪು ಪಟ್ಟಿ. ಬಣ್ಣದ ಮ್ಯಾಪಿನಲ್ಲಿ ಕೆಂಪು, ಬಿಳಿ ಅಂದರೆ ದಪ್ಪ, ನೀಲಿ ಅಂದರೆ ತೆಳು.

ಮ್ಯಾಪಿನ ನಡುವೆ ಒಂದು ಸಂಖ್ಯೆ ಬರೆದಿರುತ್ತದೆ, ಮೈಕ್ರಾನ್ ಲೆಕ್ಕದಲ್ಲಿ ಆ ಜಾಗದ ದಪ್ಪ. ಅದರ ಬಗ್ಗೆ ಒಂದು ಎಚ್ಚರಿಕೆ. ಒಂದೊಂದು ಕಂಪನಿಯ ಮೆಷಿನ್ ರೆಟಿನಾದ ಕೆಳಗಿನ ಅಂಚನ್ನು ಒಂದೊಂದು ಪದರದಲ್ಲಿ ಗುರುತು ಮಾಡುತ್ತದೆ. ಹಾಗಾಗಿ ಅದೇ ದಿನ, ಅದೇ ಕಣ್ಣು, ಎರಡು ಮೆಷಿನ್ ಅಂದರೆ ಎರಡು ಸಂಖ್ಯೆ. ಬೇರೆ ಕಡೆ ತೆಗೆಸಿದ ಸ್ಕ್ಯಾನ್ ಜೊತೆ ಹೋಲಿಸಿ ಜಾಸ್ತಿಯಾಯಿತು ಅಂತ ಗಾಬರಿಯಾಗಬೇಡಿ. ಸಂಖ್ಯೆ ಇಳಿದರೆ ನೀರು ಕಡಿಮೆಯಾಯಿತು ಅಂತಲೇ ಅಂದುಕೊಳ್ಳಬೇಡಿ. ಡ್ರೈ ಬಗೆ ಮುಂದುವರಿದು ಪದರವೇ ಸವೆದಾಗಲೂ ಸಂಖ್ಯೆ ಇಳಿಯುತ್ತದೆ, ಅದು ಒಳ್ಳೆಯ ಸುದ್ದಿಯಲ್ಲ. ಸಾಧ್ಯವಾದಷ್ಟು ಒಂದೇ ಕಡೆ, ಒಂದೇ ಮೆಷಿನ್‌ನಲ್ಲಿ ಮಾಡಿಸಿ. ಇವತ್ತಿನ ಸ್ಕ್ಯಾನಿಗೆ ಬೆಲೆ ಬರುವುದೇ ಹಿಂದಿನದು ಪಕ್ಕದಲ್ಲಿದ್ದಾಗ. ಊರು ಬದಲಿಸುವುದಾದರೆ ಪ್ರಿಂಟ್ ಮಾತ್ರ ತರಬೇಡಿ. ಅದರಲ್ಲಿ ಇರುವುದು ಒಂದೆರಡು ಸೀಳು, ಮೆಷಿನ್ ತೆಗೆದಿರುವುದು ಹತ್ತಾರು. ಎಲ್ಲವನ್ನೂ ಪೆನ್‌ಡ್ರೈವಿಗೆ ಹಾಕಿಕೊಡಿ ಅಂತ ಕೇಳಿ. ಇಂಜೆಕ್ಷನ್ ಶುರುವಾಗುವ ಮೊದಲಿನ ಸ್ಕ್ಯಾನ್ ಅಂತೂ ಬಿಡಲೇಬೇಡಿ.

ಉಡುಪಿಯಿಂದ, ನಿವೃತ್ತ ಮೇಷ್ಟ್ರು, ನನಗೇ ಈ ತೊಂದರೆ ಇದೆ

ಡೈ ಟೆಸ್ಟ್ ಬಗ್ಗೆ ನಾನು ಹೇಳುತ್ತೇನಮ್ಮ. ಕೈಯ ನರಕ್ಕೆ ಫ್ಲೋರೆಸಿನ್ ಅನ್ನುವ ಹಳದಿ ಡೈ ಕೊಡುತ್ತಾರೆ. ಆಮೇಲೆ ನೀಲಿ ಬೆಳಕು ಬಿಟ್ಟು ಒಂದರ ಹಿಂದೆ ಒಂದು ಫೋಟೋ ತೆಗೆಯುತ್ತಾರೆ. ನಾಳ ಎಲ್ಲಿ ಸೋರುತ್ತಿದೆಯೋ ಅಲ್ಲಿ ಬೆಳಕು ಹರಡುತ್ತಾ ಹೋಗುತ್ತದೆ. ಫ್ಲ್ಯಾಶ್ ಮಾತ್ರ ಕಣ್ಣು ಕೋರೈಸುತ್ತದೆ. ನನಗೆ ಡೈ ಹೋದ ಕೂಡಲೇ ಒಮ್ಮೆ ಹೊಟ್ಟೆ ತೊಳಸಿತು. ಉದ್ದಕ್ಕೆ ಉಸಿರು ತೆಗೆದುಕೊಳ್ಳಿ ಸಾರ್ ಅಂತ ಸಿಸ್ಟರ್ ಬೆನ್ನು ಸವರಿದರು, ಹೋಯಿತು. ಸಂಜೆಯವರೆಗೆ ಮೈ ಹಳದಿ ಇತ್ತು. ಮೂತ್ರ ಒಂದೆರಡು ದಿನ ಕಿತ್ತಳೆ ಬಣ್ಣ ಇರುತ್ತದೆ, ಕಾಮಾಲೆ ಅಂತ ಹೆದರಬೇಡಿ.

ಇದು ಸಿಟಿ ಸ್ಕ್ಯಾನಿಗೆ ಕೊಡುವ ಅಯೋಡಿನ್ ಡೈ ಅಲ್ಲ. ಆದರೂ ಕಿಡ್ನಿ ಮೂಲಕವೇ ಹೊರಗೆ ಹೋಗುವುದು. ಶುಗರ್ ಇರುವುದರಿಂದ ಕ್ರಿಯಾಟಿನಿನ್ (ಕಿಡ್ನಿಯ ರಕ್ತಪರೀಕ್ಷೆ) ರಿಪೋರ್ಟ್ ಇದ್ದರೆ ಮೊದಲೇ ತೋರಿಸಿ. ಆಸ್ತಮಾ, ಅಲರ್ಜಿ, ಹೃದಯದ ತೊಂದರೆ, ಯಾವುದಿದ್ದರೂ ಮುಚ್ಚಿಡಬಾರದು. ಅಪರೂಪಕ್ಕೆ ಜೋರಾದ ಅಲರ್ಜಿ ಆಗುವುದುಂಟು, ಅದಕ್ಕೇ ಸಿದ್ಧತೆ ಇರುವ ಕಡೆಯೇ ಮಾಡುತ್ತಾರೆ. ಇನ್ನೊಂದು ಹಸಿರು ಡೈ ಇದೆ, ಐಸಿಜಿ ಅಂತ. ಅದರಲ್ಲಿ ಅಯೋಡಿನ್ ಇರುತ್ತದೆ. ನನಗೆ ಎರಡೂ ಮಾಡಿದರು. ಯಾಕೆಂದರೆ ವೆಟ್ ಥರವೇ ಕಾಣುವ, ನಾಳದ ತುದಿಯಲ್ಲಿ ಗಂಟು ಕಟ್ಟುವ ಬಗೆಯೊಂದಿದೆ, ಪಿಸಿವಿ ಅನ್ನುತ್ತಾರೆ. ಬಿಳಿಯರಿಗಿಂತ ನಮ್ಮ ಏಷ್ಯಾದವರಲ್ಲಿ ಅದು ಜಾಸ್ತಿ. ಕೆಲವರಿಗೆ ಅದಕ್ಕೆ ಇಂಜೆಕ್ಷನ್ ಜೊತೆ ಲೇಸರ್ ಚಿಕಿತ್ಸೆಯೂ ಬೇಕಾಗುತ್ತದೆ. ಯಾವ ಡೈ, ಏನನ್ನು ಹುಡುಕುತ್ತಿದ್ದೀರಿ ಅಂತ ಡಾಕ್ಟರನ್ನೇ ಕೇಳಿ. ಕೇಳುವುದು ನಿಮ್ಮ ಹಕ್ಕು.

ಡೈ ಇಲ್ಲದೆ ನಾಳ ತೋರಿಸುವ ಓಸಿಟಿ ಆಂಜಿಯೋ ಕೂಡ ಈಗ ಇದೆ. ಅದು ರಕ್ತ ಹರಿಯುವುದನ್ನು ತೋರಿಸುತ್ತದೆ, ಸೋರುವುದನ್ನು ತೋರಿಸುವುದಿಲ್ಲ. ಎಲ್ಲರಿಗೂ ಅದೇ ಸಾಕಾಗುವುದಿಲ್ಲ.

ಹುಬ್ಬಳ್ಳಿಯಿಂದ, ಆಪ್ಟೋಮೆಟ್ರಿಸ್ಟ್

ದಿನಾ ಸ್ಕ್ಯಾನ್ ತೆಗೆಯುವವಳಾಗಿ ಒಂದೆರಡು ಮಾತು. ಚಿತ್ರ ಚೆನ್ನಾಗಿ ಬರದಿದ್ದರೆ ಅದರ ಮೇಲಿನ ತೀರ್ಮಾನವೂ ಗಟ್ಟಿಯಾಗಿರುವುದಿಲ್ಲ. ವಯಸ್ಸಾದವರ ಕಣ್ಣು ಬೇಗ ಒಣಗುತ್ತದೆ, ಆಗ ಚಿತ್ರ ಮಂಕಾಗುತ್ತದೆ. ತೆಗೆಯುವ ಮೊದಲು ಅಮ್ಮನಿಗೆ ನಾಲ್ಕೈದು ಸಲ ಕಣ್ಣು ಮಿಟುಕಿಸಲು ಹೇಳಿ. ಬಲಗಣ್ಣಿನ ನಡುವೆಯೇ ಮಸುಕಿರುವುದರಿಂದ ಅವರಿಗೆ ಒಳಗಿನ ಗುರುತು ಕಾಣದೇ ಇರಬಹುದು. ಎಷ್ಟೋ ಅಜ್ಜಿಯಂದಿರು ಅದನ್ನು ಹೇಳಲು ಸಂಕೋಚಪಟ್ಟು ಸುಮ್ನೆ ಹ್ಞೂಂ ಅನ್ನುತ್ತಾರೆ. ಕಾಣದಿದ್ದರೆ ಕಾಣುವುದಿಲ್ಲ ಅಂತ ಹೇಳಿದರೆ ನಾವು ಬೇರೆ ಕಣ್ಣಿಗೆ ಗುರುತು ತೋರಿಸಿಯೋ, ನೇರ ನೋಡಿಸಿಯೋ ತೆಗೆಯುತ್ತೇವೆ. ಕುತ್ತಿಗೆ ನೋವಿದ್ದರೆ ಸ್ಟೂಲ್ ಎತ್ತರ ಸರಿಮಾಡಿಸಿಕೊಳ್ಳಿ. ಪೊರೆ ಬಲಿತಿದ್ದರೂ ಚಿತ್ರ ಕೆಡುತ್ತದೆ.

ಶುಗರ್ ಇರುವುದನ್ನು ಪ್ರತಿ ಸಲ ನೆನಪಿಸಿ, ಹೆಚ್‌ಬಿಎ1ಸಿ (ಎರಡು ಮೂರು ತಿಂಗಳ ಶುಗರ್ ಸರಾಸರಿ) ರಿಪೋರ್ಟ್ ಜೊತೆಗಿರಲಿ. ಶುಗರ್‌ನಿಂದಲೂ ಮ್ಯಾಕ್ಯುಲಾದಲ್ಲಿ ನೀರು ತುಂಬುತ್ತದೆ. ಪಾಪೆ ಅಗಲವಾಗಲು ಡ್ರಾಪ್ಸ್ ಹಾಕಿದ ಮೇಲೆ ಕೆಲವು ಗಂಟೆ ಮಂಜು ಇರುತ್ತದೆ, ಬಿಸಿಲು ಚುಚ್ಚುತ್ತದೆ. ಕಪ್ಪು ಕನ್ನಡಕ ಇಟ್ಟುಕೊಳ್ಳಿ, ಬಸ್ ಮೆಟ್ಟಿಲು ಹತ್ತುವಾಗ ಕೈ ಹಿಡಿಯಿರಿ.

ಎರಡು ಸ್ಕ್ಯಾನ್‌ಗಳ ನಡುವೆ ಮನೆಯಲ್ಲಿ ಆಮ್ಸ್ಲರ್ ಚಾರ್ಟ್ ನೋಡಿಸಿ. 10 ಸೆಂಟಿಮೀಟರ್ ಚೌಕ, ಒಳಗೆ ಸಣ್ಣ ಸಣ್ಣ ಮನೆಗಳು, ನಡುವೆ ಚುಕ್ಕಿ. ಓದುವ ಕನ್ನಡಕ ಹಾಕಿ, ಸುಮಾರು 30 ಸೆಂಟಿಮೀಟರ್ ದೂರ ಹಿಡಿದು, ಒಂದು ಕಣ್ಣು ಮುಚ್ಚಿ ಚುಕ್ಕಿಯನ್ನೇ ನೋಡಬೇಕು. ಎರಡೂ ಕಣ್ಣು ತೆರೆದರೆ ಉಪಯೋಗವಿಲ್ಲ, ಒಳ್ಳೆಯ ಕಣ್ಣು ಇನ್ನೊಂದರ ತಪ್ಪನ್ನು ಮುಚ್ಚಿಬಿಡುತ್ತದೆ. ಮುಖ್ಯವಾಗಿ ಎಡಗಣ್ಣು ಗಮನಿಸಿ. ಗೆರೆ ಹೊಸದಾಗಿ ಸೊಟ್ಟಗಾದರೆ, ಕಪ್ಪು ಕಲೆ ಕಂಡರೆ, ಮುಂದಿನ ಡೇಟ್ ಬರಲಿ ಅಂತ ಕಾಯದೆ ಒಂದೆರಡು ದಿನದಲ್ಲೇ ತೋರಿಸಿ. ಇಂಜೆಕ್ಷನ್ ಆದ ಮೇಲೆ ನೋವು, ಕೆಂಪು, ಮಂಜು ಹೆಚ್ಚುತ್ತಾ ಹೋದರೆ ಅದೇ ದಿನ ಹೋಗಿ, ರಾತ್ರಿಯಾದರೂ ಸರಿ.