ಕೊಬ್ಬರಿ ಎಣ್ಣೆ ಗಟ್ಟಿಯಾಗುತ್ತೆ, ಜೀವಕೋಶದ ಪೊರೆ ಯಾಕಾಗಲ್ಲ?

ಶಿರಸಿ: ಡಿಸೆಂಬರ್ ಬೆಳಿಗ್ಗೆ ಇಲ್ಲಿ ಎಣ್ಣೆ ಬಾಟಲಿಯಲ್ಲೇ ಹೆಪ್ಪುಗಟ್ಟುತ್ತೆ. ಪೊರೆಯೂ ಲಿಪಿಡ್ಡೇ (ಕೊಬ್ಬಿನ ಜಾತಿಯ ವಸ್ತು) ಅಲ್ವಾ? ತಣ್ಣೀರಿನ ಮೀನಿಗೆ ಹೇಗೆ ನಡೆಯುತ್ತೆ?

ಕುಮಟಾ: ಎರಡೂ ಒಂದೇ ಅಲ್ಲ. ಎಣ್ಣೆ ಅಂದ್ರೆ ಟ್ರೈಗ್ಲಿಸರೈಡ್: ಗ್ಲಿಸರಾಲ್‌ಗೆ 3 ಕೊಬ್ಬಿನಾಮ್ಲ, ಬರೀ ದಾಸ್ತಾನು. ಪೊರೆಯ ಫಾಸ್ಫೋಲಿಪಿಡ್‌ನಲ್ಲಿ 2 ಮಾತ್ರ. ಮೂರನೇ ಜಾಗದಲ್ಲಿ ನೀರಿಗೆ ಒಗ್ಗುವ ಫಾಸ್ಫೇಟ್ ತಲೆ. ಕೊಬ್ಬಿನಾಮ್ಲದ ಬಾಲಗಳು ಒಳಗೆ ಅಡಗಿ ಎರಡು ಪದರವಾಗುತ್ತೆ.

ಕಾರವಾರ: ಗಟ್ಟಿಯಾಗೋದು ಬಾಲದ ಮೇಲೆ ನಿಂತಿದೆ. ಕೊಬ್ಬರಿ ಎಣ್ಣೆಯಲ್ಲಿ ಹೆಚ್ಚಿನವು ಪರ್ಯಾಪ್ತ, ಅಂದ್ರೆ ಕಾರ್ಬನ್‌ಗಳ ನಡುವೆ ದ್ವಿಬಂಧ (ಜೋಡಿ ಕೊಂಡಿ) ಇಲ್ಲದ, ನೆಟ್ಟಗಿನ ಸರಪಳಿಗಳು. ಒತ್ತಾಗಿ ಕೂತು ಸುಮಾರು 24 ಡಿಗ್ರಿ ಕೆಳಗೆ ಗಟ್ಟಿ. ಬಂಗಡೆ ಮೀನಿನ ಡಿಎಚ್‌ಎ ಅನ್ನೋ ಕೊಬ್ಬಿನಾಮ್ಲದಲ್ಲಿ 22 ಕಾರ್ಬನ್, 6 ದ್ವಿಬಂಧ. ದ್ವಿಬಂಧ ಇದ್ದಲ್ಲೆಲ್ಲ ಬಾಗುತ್ತೆ, ಒತ್ತಿ ಕೂರಲ್ಲ. ಇಂಥ ಬಾಲಗಳಿರೋದ್ರಿಂದಲೇ ಮೀನಿನ ಪೊರೆ ತಣ್ಣೀರಲ್ಲೂ ಗಟ್ಟಿಯಾಗಲ್ಲ. ಮೀನೆಣ್ಣೆ ಬೇಗ ಕಮಟೋದೂ ಅದಕ್ಕೇ, ಆಮ್ಲಜನಕ ಹಿಡಿಯೋದು ಅಲ್ಲೇ.

ಕುಮಟಾ: ಪೊರೆ ಒಡೆಯೋದು ನೋಡ್ಬೇಕಾ? ಬೀಟ್‌ರೂಟ್ ಹೋಳನ್ನು 70 ಡಿಗ್ರಿ ನೀರಿಗೆ ಹಾಕಿ, ಪೊರೆ ಒಡೆದು ಕೋಶದೊಳಗಿನ ಕೆಂಪು ನೀರಿಗೆ ಇಳಿಯುತ್ತೆ. ಮೊದಲು ಚೆನ್ನಾಗಿ ತೊಳೀರಿ, ಇಲ್ದಿದ್ರೆ ಕೊಯ್ದ ಅಂಚಿನ ಬಣ್ಣವೇ ದಾರಿ ತಪ್ಪಿಸುತ್ತೆ.