ಗ್ರಂಥಾಲಯ ಅವಧಿ ಇದೆ, ಪುಸ್ತಕಗಳೂ ಇವೆ, ಮಕ್ಕಳು ಮಾತ್ರ ಓದುತ್ತಿಲ್ಲ. ಎಲ್ಲಿಂದ ಶುರು ಮಾಡಬೇಕು?

ಕಿರಿಯ_ಮೇಷ್ಟ್ರು:
ನಾಲ್ಕರಿಂದ ಏಳನೇ ತರಗತಿವರೆಗೆ ಸುಮಾರು 120 ಮಕ್ಕಳು. ಎರಡು ಬೀರು ತುಂಬ ಪುಸ್ತಕ. ವಾರಕ್ಕೊಂದು 40 ನಿಮಿಷದ ಗ್ರಂಥಾಲಯ ಅವಧಿ. ಹಂಚುವುದರಲ್ಲೇ ಹತ್ತು ನಿಮಿಷ ಹೋಗುತ್ತದೆ, ಉಳಿದದ್ದು ಪುಟ ಮಗುಚುವುದರಲ್ಲಿ. ಹೆಚ್ಚು ಓದಿದವರಿಗೆ ಬಹುಮಾನ ಇಡೋಣ, ಪ್ರತಿ ಪುಸ್ತಕಕ್ಕೂ ಸಾರಾಂಶ ಬರೆಸೋಣ ಎಂದು ಸ್ಟಾಫ್ ಮೀಟಿಂಗ್‌ನಲ್ಲಿ ಸಲಹೆ ಬಂದಿದೆ. ಪ್ರಯೋಜನ ಆಗುತ್ತದೆಯೇ?

ತೆರೆದ_ಕಪಾಟು:
ಬಹುಮಾನದ ಮಾತು ಆಮೇಲೆ, ಮೊದಲು ಬೀರುವಿನ ಬೀಗ ತೆಗೆಯಿರಿ ಸರ್. ಗ್ರಂಥಾಲಯ ವಿಜ್ಞಾನಿ ಎಸ್.ಆರ್. ರಂಗನಾಥನ್ 1931ರಲ್ಲಿ ಗ್ರಂಥಾಲಯಗಳಿಗಾಗಿ ಬರೆದ ಐದು ನಿಯಮಗಳಲ್ಲಿ ಮೊದಲನೆಯದೇ ಪುಸ್ತಕ ಇರುವುದು ಬಳಕೆಗೆ ಎಂಬುದು. ಹಾಗಿದ್ದೂ ಬೀಗ ಬೀಳುವುದಕ್ಕೆ ಶಿಕ್ಷಕರ ಸೋಮಾರಿತನ ಕಾರಣವಲ್ಲ. ಸ್ಟಾಕ್ ರಿಜಿಸ್ಟರ್‌ನಲ್ಲಿ ಒಂದು ಪುಸ್ತಕ ಕಮ್ಮಿ ಬಂದರೆ ಉತ್ತರ ಹೇಳಬೇಕಾದವರು ಅವರೇ ತಾನೆ? ಹಾಗಾಗಿ ವರ್ಷಕ್ಕೆ ನೂರಕ್ಕೆ ಐದೋ ಎಂಟೋ ಪುಸ್ತಕ ಹರಿಯುತ್ತವೆ, ಕಳೆಯುತ್ತವೆ ಎಂದು ಮುಖ್ಯ ಶಿಕ್ಷಕರಿಂದ ಮೊದಲೇ ಬರವಣಿಗೆಯಲ್ಲಿ ಒಪ್ಪಿಗೆ ಪಡೆಯಿರಿ. ಈ ಒಂದು ಕಾಗದ ಇಲ್ಲದಿದ್ದರೆ ಮುಂದಿನದ್ದು ಯಾವುದೂ ನಡೆಯುವುದಿಲ್ಲ.

ಆಮೇಲೆ ಪುಸ್ತಕಗಳನ್ನು ತರಗತಿಗೇ ಇಳಿಸಿ. ಮಗುವಿಗೆ ಐದರ ಲೆಕ್ಕದಲ್ಲಿ 30 ಮಕ್ಕಳಿಗೆ 150. ಅದರಲ್ಲಿ 30–40 ಪುಸ್ತಕಗಳ ಮುಖಪುಟ ಎದುರಿಗೆ ಕಾಣಬೇಕು. ಬೆನ್ನು ಮಾತ್ರ ಕಂಡರೆ ಚಿಕ್ಕವರು ಎತ್ತಿಕೊಳ್ಳುವುದಿಲ್ಲ. ಸ್ಟ್ಯಾಂಡ್ ಬೇಕೆಂದೇನಿಲ್ಲ, ಮಕ್ಕಳ ಎದೆಮಟ್ಟಕ್ಕೆ ಗೋಡೆಗುಂಟ ಹಗ್ಗ ಕಟ್ಟಿ ತೆಳು ಪುಸ್ತಕಗಳನ್ನು ನಡುವೆ ತೆರೆದು ನೇತುಹಾಕಿದರೂ ಆಯಿತು. ತಿಂಗಳಿಗೊಮ್ಮೆ 50 ಪುಸ್ತಕ ಪಕ್ಕದ ತರಗತಿಯೊಂದಿಗೆ ಅದಲುಬದಲು ಮಾಡಿ. ಹಳೆಯ ಪಠ್ಯಪುಸ್ತಕ, ಗೈಡು, ವರದಿ ಇವನ್ನೆಲ್ಲ ಮುಲಾಜಿಲ್ಲದೆ ಹೊರಗಿಡಿ. ನಿಮ್ಮ ಎರಡು ಬೀರುಗಳಲ್ಲಿ ಒಂದು ಪಾಲು ಅದೇ ಇದ್ದರೂ ಆಶ್ಚರ್ಯವಿಲ್ಲ.

ವಾರದ 40 ನಿಮಿಷಕ್ಕಿಂತ ದಿನದ 15 ನಿಮಿಷ ಮೇಲು. ಮೊದಲ ವಾರ ಏಳೆಂಟು ನಿಮಿಷ ಸಾಕು, ಮಕ್ಕಳು ಕೂತಂತೆ ಹಿಗ್ಗಿಸಿ. ಕೊನೆಯ ಅವಧಿಗೆ ಇಡಬೇಡಿ, ಆಟ, ಸಭೆ, ಸುತ್ತೋಲೆ ಎಲ್ಲವೂ ಅದನ್ನೇ ನುಂಗುತ್ತವೆ. ಮಧ್ಯಾಹ್ನದ ಬಿಡುವು ಮುಗಿದ ಕೂಡಲೇ ಇಟ್ಟರೆ ಉಳಿಯುತ್ತದೆ. ಎರವಲು ರಿಜಿಸ್ಟರ್‌ಗೆ ನಾಲ್ಕೇ ಕಾಲಂ: ತಾರೀಕು, ಪುಸ್ತಕದ ಸಂಖ್ಯೆ, ಹೆಸರು, ವಾಪಸು. ಬರೆಯುವ ಕೆಲಸ ಇಬ್ಬರು ಮಕ್ಕಳಿಗೆ ಬಿಡಿ, ತಿಂಗಳಿಗೊಮ್ಮೆ ಜೋಡಿ ಬದಲಾಗಲಿ.

ಹರಿದದ್ದಕ್ಕೆ ಸೆಲ್ಲೋಟೇಪ್ ಹಚ್ಚಬೇಡಿ, ಹಳದಿಯಾಗಿ ಅಂಟು ಕಾಗದದಲ್ಲಿ ಇಳಿಯುತ್ತದೆ. ಮೈದಾ ಅಂಟು, ತೆಳು ಕಾಗದ ಸಾಕು. ಹೊಲಿಗೆ ಬಿಚ್ಚಿದ್ದರೆ ದಾರದಲ್ಲೇ ಹೊಲಿಯಿರಿ, ಸ್ಟೇಪ್ಲರ್ ಪಿನ್ ತುಕ್ಕು ಹಿಡಿಯುತ್ತದೆ.

ಮೂರನೇ_ಬೆಂಚು:
ಬಹುಮಾನದ ಬಗ್ಗೆ: ಬೇಡ. 1973ರಲ್ಲಿ ಲೆಪ್ಪರ್, ಗ್ರೀನ್, ನಿಸ್ಬೆಟ್ ಎಂಬ ಮೂವರು ಮನೋವಿಜ್ಞಾನಿಗಳು ಚಿತ್ರ ಬಿಡಿಸುವುದನ್ನು ಇಷ್ಟಪಡುತ್ತಿದ್ದ ನರ್ಸರಿ ಮಕ್ಕಳ ಮೇಲೆ ಪ್ರಯೋಗ ಮಾಡಿದರು. ಚಿತ್ರ ಬಿಡಿಸಿದರೆ ಪ್ರಶಸ್ತಿ ಪತ್ರ ಎಂದು ಮೊದಲೇ ಹೇಳಿಸಿಕೊಂಡವರು ಆಮೇಲೆ ಬಿಡುವಿನಲ್ಲಿ ಉಳಿದವರಿಗಿಂತ ಕಡಿಮೆ ಚಿತ್ರ ಬಿಡಿಸಿದರು. ಪುಸ್ತಕ ಎಣಿಸಿ ಬಹುಮಾನ ಕೊಟ್ಟರೆ ಇನ್ನೊಂದು ತೊಂದರೆಯೂ ಇದೆ: ತೆಳು ಪುಸ್ತಕಗಳೆಲ್ಲ ಮೊದಲ ವಾರವೇ ಖಾಲಿ, ದಪ್ಪದ್ದನ್ನು ಯಾರೂ ಮುಟ್ಟುವುದಿಲ್ಲ.

ಸಾರಾಂಶ ಬರೆಸಿದರೆ ಹಿಂಬದಿಯ ಪರಿಚಯ ನಕಲಾಗಿ ಬರುತ್ತದೆ, ಅಷ್ಟೇ. ಬದಲಿಗೆ ದಿನಕ್ಕೆ ಇಬ್ಬರು, ಒಬ್ಬೊಬ್ಬರಿಗೆ ಒಂದು ನಿಮಿಷ. ‘ಈ ಪುಸ್ತಕ ಯಾರಿಗೆ ಕೊಡಬಹುದು, ಯಾಕೆ?’ ಎಂದಷ್ಟೇ ಕೇಳಿ. ‘ಚೆನ್ನಾಗಿರಲಿಲ್ಲ, ಅರ್ಧಕ್ಕೇ ಬಿಟ್ಟೆ’ ಎನ್ನುವುದೂ ಉತ್ತರವೇ.

ಕಿರಿಯ_ಮೇಷ್ಟ್ರು:
ಧನ್ಯವಾದ. ಆದರೆ ಐದು, ಆರನೇ ತರಗತಿಯಲ್ಲೂ ಕೆಲವರಿಗೆ ಸರಾಗ ಓದಲು ಬರುವುದಿಲ್ಲ. ಅವರನ್ನು 15 ನಿಮಿಷ ಸುಮ್ಮನೆ ಕೂರಿಸಿ ಏನು ಮಾಡುವುದು?

ಒತ್ತು_ದೀರ್ಘ:
ಸುಮ್ಮನೆ ಕೂರಿಸಬೇಡಿ. ಓದಿನ ಬಗ್ಗೆ ಸಂಶೋಧನೆ ಮಾಡಿದ ಗಫ್ ಮತ್ತು ಟನ್ಮರ್ 1986ರಲ್ಲಿ ಹೇಳಿದ್ದು ಇದನ್ನೇ: ಓದಿ ಅರ್ಥ ಮಾಡಿಕೊಳ್ಳುವುದು ಎಂದರೆ ಅಕ್ಷರ ಬಿಡಿಸಿ ಓದುವ ಶಕ್ತಿ ಗುಣಿಸು ಭಾಷೆಯ ತಿಳಿವಳಿಕೆ. ಒಂದು ಕಡೆ ಸೊನ್ನೆಯಾದರೆ ಉತ್ತರವೂ ಸೊನ್ನೆ. ಅಮೆರಿಕದ ನ್ಯಾಷನಲ್ ರೀಡಿಂಗ್ ಪ್ಯಾನೆಲ್ 2000ದಲ್ಲಿ ಕೊಟ್ಟ ವರದಿಯಲ್ಲೂ, ಯಾರಾದರೂ ತಿದ್ದುತ್ತ ಗಟ್ಟಿಯಾಗಿ ಮತ್ತೆ ಮತ್ತೆ ಓದಿಸುವುದಕ್ಕೆ ಪುರಾವೆ ಸಿಕ್ಕಿತು. ಮೌನ ಓದೊಂದರಿಂದಲೇ ಸರಾಗತೆ ಬರುತ್ತದೆ ಎನ್ನಲು ಸಾಕಷ್ಟು ಪುರಾವೆ ಸಿಗಲಿಲ್ಲ.

ಯಾರು ಎಲ್ಲಿದ್ದಾರೆ ಎಂದು ತಿಳಿಯಲು ಪ್ರತಿಯೊಬ್ಬರಿಂದ ಹೊಸ ಪುಟದ 100 ಪದ ಗಟ್ಟಿಯಾಗಿ ಓದಿಸಿ. ತಪ್ಪು ಒಂದರೊಳಗಿದ್ದರೆ ಆ ಪುಸ್ತಕ ಒಬ್ಬರೇ ಓದಬಲ್ಲರು, ಐದರೊಳಗಿದ್ದರೆ ಜೊತೆಗೆ ಯಾರಾದರೂ ಬೇಕು, ಹತ್ತು ದಾಟಿದರೆ ಆ ಪುಸ್ತಕ ಈಗ ಬೇಡ. ಓದಿನ ಕಲಿಕೆಯ ತಜ್ಞ ಎಮ್ಮೆಟ್ ಬೆಟ್ಸ್ 1946ರಲ್ಲಿ ಇಂಗ್ಲಿಷ್‌ಗೆ ಕೊಟ್ಟ ಅಳತೆಯಿದು. ನಮ್ಮಲ್ಲಿ ಪ್ರತ್ಯಯಗಳು ಸೇರಿ ಪದ ಉದ್ದವಾಗುವುದರಿಂದ ಅಂದಾಜಿಗಷ್ಟೇ ಬಳಸಿ. ತಾನೇ ತಿದ್ದಿಕೊಂಡದ್ದನ್ನು ತಪ್ಪಿಗೆ ಸೇರಿಸಬೇಡಿ.

ತಪ್ಪಿನ ಎಣಿಕೆಗಿಂತ ಎಲ್ಲಿ ಎಡವಿದರು ಎಂಬುದು ಮುಖ್ಯ. ಹೆಚ್ಚಾಗಿ ಸಿಕ್ಕುವುದು ದೀರ್ಘ, ಒತ್ತಕ್ಷರ ಮತ್ತು ಅರ್ಕಾವೊತ್ತು. ಅರ್ಕಾವೊತ್ತಿನಲ್ಲಿ ಬರೆಯುವುದು ಆಮೇಲೆ, ಉಚ್ಚರಿಸುವುದು ಮೊದಲು. ಹಾಗಾಗಿ ‘ಸೂರ್ಯ’ ‘ಸೂಯರ’ ಆಗುತ್ತದೆ. ಇಂಥ ಹತ್ತು ಪದ ಬೋರ್ಡ್ ಮೇಲೆ ಬರೆದು ಮೂರು ನಿಮಿಷ, ಆಮೇಲೆ ಅವೇ ಪದಗಳಿರುವ 60–80 ಪದಗಳ ಭಾಗವನ್ನು ಜೋಡಿಯಲ್ಲಿ ಮೂರು ನಾಲ್ಕು ಸಲ. ಜೊತೆಗಾರ ಸ್ವಲ್ಪ ಮುಂದಿದ್ದರೆ ಸಾಕು, ತರಗತಿಯ ಮೊದಲಿಗರನ್ನೇ ಕೂರಿಸಿದರೆ ಅವರೇ ಓದಿ ಮುಗಿಸುತ್ತಾರೆ. ಒಂದನೇ ತರಗತಿಯ ಪುಸ್ತಕ ಕೈಗಿಟ್ಟು ಅವಮಾನ ಮಾಡಬೇಡಿ. ವಾಕ್ಯ ಚಿಕ್ಕದಿರಲಿ, ವಿಷಯ ವಯಸ್ಸಿಗೆ ತಕ್ಕಂತಿರಲಿ: ಪ್ರಾಣಿ, ಯಂತ್ರ, ಆಟ, ಒಗಟು.

ತೆರೆದ_ಕಪಾಟು:
ಒಪ್ಪಿದೆ, ಆದರೆ ಈ ಮಕ್ಕಳ ದಿನವೆಲ್ಲ ತಿದ್ದುಪಡಿಯಲ್ಲೇ ಕಳೆಯಬಾರದು. ಶಿಕ್ಷಕರು ಹತ್ತು ನಿಮಿಷ ಗಟ್ಟಿಯಾಗಿ ಓದಿ ಹೇಳುವ ಹೊತ್ತಿಗೆ ಇವರೂ ಎಲ್ಲರ ಜೊತೆ ಇರಲಿ, ಗುಣಾಕಾರದ ಇನ್ನೊಂದು ಭಾಗವಾದ ಭಾಷೆಯ ತಿಳಿವಳಿಕೆ ಬೆಳೆಯುವುದು ಅಲ್ಲೇ. ಪುಸ್ತಕವನ್ನು ಮೊದಲೇ ಒಮ್ಮೆ ಓದಿಕೊಂಡು ಹೋಗಿ, ಎರಡು ಮೂರು ಕಡೆಗಿಂತ ಹೆಚ್ಚು ನಿಲ್ಲಿಸಿ ಪ್ರಶ್ನೆ ಕೇಳಬೇಡಿ. ಮುಗಿದ ಮೇಲೆ ಅದೇ ಪುಸ್ತಕವನ್ನು ಹಗ್ಗಕ್ಕೆ ಹಾಕಿ. ಮೊದಲು ಕೈ ಹೋಗುವುದು ಅದಕ್ಕೇ, ಎರಡು ಮೂರು ಪ್ರತಿ ಇದ್ದರೆ ಒಳ್ಳೆಯದು.

ತಿಂಗಳ ಕೊನೆಗೆ ರಿಜಿಸ್ಟರ್‌ನಲ್ಲಿ ಎರಡೇ ಪಟ್ಟಿ ಮಾಡಿ: ನಾಲ್ಕು ವಾರ ಏನೂ ಒಯ್ಯದ ಮಕ್ಕಳು, ಯಾರೂ ಒಯ್ಯದ ಪುಸ್ತಕಗಳು. ಮೊದಲ ಪಟ್ಟಿಯವರಿಗೆ ಮೇಲಿನ 100 ಪದದ ಪರೀಕ್ಷೆ ಮತ್ತೊಮ್ಮೆ ಮಾಡಿ. ಎರಡನೆಯದನ್ನು ಅದಲುಬದಲಿಗೆ ಕಳಿಸಿ.