ಹಳಿ ನೇರವಾಗಿದ್ದರೂ ಲೋಕಲ್ ರೈಲಿನ ಮೇಲಿನ ತಂತಿ ಓರೆಯಾಗಿ ಸಾಗುವುದೇಕೆ?

ಡೊಂಬಿವಲಿ ಪ್ರಯಾಣಿಕ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಹದಿನೈದು ವರ್ಷಗಳಿಂದ ಡೊಂಬಿವಲಿಯಿಂದ ಮುಂಬಯಿಯ ಸಿಎಸ್‌ಎಂಟಿಗೆ ಲೋಕಲ್‌ನಲ್ಲಿ ಓಡಾಡುತ್ತಿದ್ದೇನೆ. ಮೊನ್ನೆ ಪಾದಚಾರಿ ಸೇತುವೆಯ ಮೇಲೆ ನಿಂತು ನೋಡಿದಾಗ, ಹಳಿ ಗೆರೆ ಎಳೆದಂತೆ ನೇರವಾಗಿದ್ದರೂ ಮೇಲಿನ ತಂತಿ ಒಂದು ಕಂಬದ ಬಳಿ ಎಡಕ್ಕೆ, ಮುಂದಿನ ಕಂಬದ ಬಳಿ ಬಲಕ್ಕೆ ಸರಿದಿರುವುದು ಕಾಣಿಸಿತು. ಬೇಕೆಂದೇ ಹೀಗೆ ಕಟ್ಟುತ್ತಾರೆಯೇ? ಕೆಲವು ಕಂಬಗಳಿಗೆ ಕಬ್ಬಿಣದ ತೂಕದ ಬಿಲ್ಲೆಗಳನ್ನು ಏಕೆ ತೂಗುಹಾಕಿರುತ್ತಾರೆ? ದಾರಿಯಲ್ಲಿ ಪ್ರತಿದಿನ ಅದೇ ಜಾಗದಲ್ಲಿ ಫ್ಯಾನ್‌ಗಳು ಕ್ಷಣಕಾಲ ನಿಲ್ಲುವುದೇಕೆ? ಬೆಂಗಳೂರಿನ ನಮ್ಮ ಮೆಟ್ರೊಗೆ ಇಂಥ ತಂತಿಯೇ ಇಲ್ಲವಲ್ಲ, ಅದು ಹೇಗೆ?

ಓಎಚ್‌ಇ ವಿಭಾಗದ ನಿವೃತ್ತ

ಬೇಕೆಂದೇ ಹಾಗೆ ಕಟ್ಟುತ್ತೇವೆ (ಓಎಚ್‌ಇ ಎಂದರೆ ಈ ಮೇಲಿನ ತಂತಿಯ ವ್ಯವಸ್ಥೆಯೇ). ರೈಲಿನ ನೆತ್ತಿಯ ಮೇಲಿದ್ದು ತಂತಿಯಿಂದ ವಿದ್ಯುತ್ ಪಡೆಯುವ ಚೌಕಟ್ಟಾದ ಪ್ಯಾಂಟೋಗ್ರಾಫ್‌ನ ಪಟ್ಟಿ ತಂತಿಯನ್ನು ಕೆಳಗಿನಿಂದ ಒತ್ತಿಕೊಂಡೇ ಓಡುತ್ತದೆ. ತಂತಿ ನಟ್ಟನಡುವೆ ನೇರವಾಗಿದ್ದರೆ ಪಟ್ಟಿಯ ಒಂದೇ ಜಾಗ ಸವೆದು ಗರಗಸದ ಗಾಯದಂತೆ ಕಚ್ಚು ಬೀಳುತ್ತದೆ, ಆ ಕಚ್ಚಿಗೆ ತಂತಿ ಸಿಕ್ಕಿಕೊಂಡರೆ ಪ್ಯಾಂಟೋಗ್ರಾಫೂ ಉಳಿಯದು, ತಂತಿಯೂ ಉಳಿಯದು. ಆದ್ದರಿಂದ ನೇರ ಹಳಿಯಲ್ಲಿ ನಡುಗೆರೆಯಿಂದ ಆಚೀಚೆ ಸುಮಾರು 200 ಮಿ.ಮೀ. ಸರಿಸಿ ಕಟ್ಟಿ, ಸವೆತ ಪಟ್ಟಿಯುದ್ದಕ್ಕೂ ಹಂಚಿಹೋಗುವಂತೆ ಮಾಡುತ್ತಾರೆ.

ತೂಕದ ಬಿಲ್ಲೆಗಳ ವಿಷಯ ಇನ್ನೂ ಸೊಗಸಾದುದು. ಬಿಸಿಲಿಗೆ ತಾಮ್ರ ಹಿಗ್ಗುತ್ತದೆ, ತಂಪಿಗೆ ಕುಗ್ಗುತ್ತದೆ. ಹಿಗ್ಗಿ ಜೋತುಬಿದ್ದ ತಂತಿಯಡಿ ವೇಗವಾಗಿ ಬಂದ ಪ್ಯಾಂಟೋಗ್ರಾಫ್ ಅಲ್ಲಲ್ಲಿ ಸಂಪರ್ಕ ಕಳೆದುಕೊಂಡು ಕಿಡಿ ಹಾರಿಸುತ್ತದೆ. ಅದಕ್ಕಾಗಿ ತಂತಿಯನ್ನು ಹೆಚ್ಚೆಂದರೆ ಒಂದೂವರೆ ಕಿ.ಮೀ. ಉದ್ದದ ತುಂಡುಗಳಾಗಿ ಕಟ್ಟಿ, ತುದಿಯಲ್ಲಿ ರಾಟೆಯ ಮೂಲಕ ಆ ತೂಕವನ್ನು ಇಳಿಬಿಡುತ್ತಾರೆ. ತಂತಿ ಹಿಗ್ಗಿದಷ್ಟೂ ತೂಕ ಕೆಳಗಿಳಿಯುತ್ತದೆ, ಬಿಗಿ ಮಾತ್ರ ಹಾಗೆಯೇ ಉಳಿಯುತ್ತದೆ.

ಫ್ಯಾನ್ ನಿಲ್ಲುವ ಜಾಗಕ್ಕೆ ನ್ಯೂಟ್ರಲ್ ಸೆಕ್ಷನ್ ಎನ್ನುತ್ತಾರೆ. ಅಕ್ಕಪಕ್ಕದ ಎರಡು ಭಾಗಗಳಿಗೆ ಗ್ರಿಡ್‌ನ ಬೇರೆಬೇರೆ ಫೇಸ್‌ಗಳಿಂದ ವಿದ್ಯುತ್ ಬರುತ್ತದೆ, ಅವೆರಡು ಒಂದನ್ನೊಂದು ಮುಟ್ಟಬಾರದೆಂದು ನಡುವೆ ವಿದ್ಯುತ್ತಿಲ್ಲದ ತುಸು ಜಾಗ ಬಿಟ್ಟಿರುತ್ತಾರೆ.

ರೈಲು ಇತಿಹಾಸಪ್ರಿಯ

ಹಿರಿಯರು ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. ಭಾರತದ ಮೊದಲ ಎಲೆಕ್ಟ್ರಿಕ್ ರೈಲು ಬೊಂಬಾಯಿಯ ವಿಕ್ಟೋರಿಯಾ ಟರ್ಮಿನಸ್‌ನಿಂದ ಕುರ್ಲಾಕ್ಕೆ ಓಡಿದ್ದು 1925ರ ಫೆಬ್ರವರಿ 3ರಂದು, ತಂತಿಯಲ್ಲಿ ಆಗ ಇದ್ದದ್ದು 1500 ವೋಲ್ಟ್ ಡಿಸಿ. ಇಂದಿನ 25,000 ವೋಲ್ಟ್ ಎಸಿಯಲ್ಲಿ ಅಷ್ಟೇ ಶಕ್ತಿಗೆ ಹರಿಯಬೇಕಾದ ಕರೆಂಟ್ ಸುಮಾರು ಹದಿನೇಳರಲ್ಲಿ ಒಂದು ಪಾಲು ಮಾತ್ರ. ಹೀಗಾಗಿ ತಂತಿ ತೆಳುವಾದರೂ ಸಾಕು, ಸಬ್‌ಸ್ಟೇಷನ್‌ಗಳೂ ದೂರದೂರ ಇರಬಹುದು. ಈ ಬದಲಾವಣೆ ಪಶ್ಚಿಮ ರೈಲ್ವೆಯಲ್ಲಿ 2012ರಲ್ಲಿ, ಹಾರ್ಬರ್ ಮಾರ್ಗದಲ್ಲಿ 2016ರಲ್ಲಿ ಮುಗಿಯಿತು. ಅಷ್ಟು ವರ್ಷ ದಿನವೊಂದಕ್ಕೆ ಲಕ್ಷಾಂತರ ಜನರನ್ನು ಸಾಗಿಸುತ್ತಲೇ, ಎರಡೂ ಬಗೆಯ ವಿದ್ಯುತ್ತಿನಲ್ಲಿ ಓಡಬಲ್ಲ ಗಾಡಿಗಳನ್ನು ಇಟ್ಟುಕೊಂಡು, ಭಾಗಭಾಗವಾಗಿ ಬದಲಿಸಿದ ಆ ಸಿಬ್ಬಂದಿಯ ಕೆಲಸಕ್ಕೆ ಸಿಗಬೇಕಾದ ಮನ್ನಣೆ ಸಿಕ್ಕಿಲ್ಲವೆಂಬುದು ನನ್ನ ಅಭಿಪ್ರಾಯ.

ನಮ್ಮ ಮೆಟ್ರೊ ಹಳಿಯ ಪಕ್ಕದ ಮೂರನೆಯ ಹಳಿಯಿಂದ 750 ವೋಲ್ಟ್ ಡಿಸಿ ಪಡೆಯುತ್ತದೆ. ದೆಹಲಿ, ಚೆನ್ನೈ ಮೆಟ್ರೊಗಳಲ್ಲಿ ಮೇಲಿನ ತಂತಿಯೇ ಇದೆ.

ಓಎಚ್‌ಇ ವಿಭಾಗದ ನಿವೃತ್ತ

ಒಂದು ಮಾತು ಬಿಟ್ಟುಹೋಗಿತ್ತು. 25,000 ವೋಲ್ಟಿನ ತಂತಿಯನ್ನು ಮುಟ್ಟಲೇಬೇಕೆಂದಿಲ್ಲ, ತೀರ ಹತ್ತಿರ ಹೋದರೂ ಗಾಳಿಯಲ್ಲೇ ಹಾರಿ ಹೊಡೆಯುತ್ತದೆ. ಬೋಗಿಯ ಮೇಲೆ ಹತ್ತುವ ಹುಡುಗರಿಗೆ, ಸೇತುವೆಯಿಂದ ಕೋಲು ಚಾಚುವವರಿಗೆ ದಯವಿಟ್ಟು ಇದನ್ನು ತಿಳಿಸಿ.

ಡೊಂಬಿವಲಿ ಪ್ರಯಾಣಿಕ

ಇಬ್ಬರಿಗೂ ಅನಂತ ಧನ್ಯವಾದಗಳು. ಇಂದು ಬೆಳಗಿನ ಗಾಡಿಗೆ ಕಾಯುವಾಗ ಪ್ಲಾಟ್‌ಫಾರಂ ತುದಿಯ ಕಂಬದಲ್ಲಿ ಆ ತೂಕ ಎಲ್ಲಿದೆಯೆಂದು ಗುರುತಿಟ್ಟುಕೊಂಡಿದ್ದೆ. ಅರ್ಧದಿನ ರಜೆ ಹಾಕಿ ಮಧ್ಯಾಹ್ನ ಎರಡಕ್ಕೆ ಮರಳಿದಾಗ, ಅದು ಸುಮಾರು ಒಂದು ಗೇಣು ಕೆಳಗೆ ಇಳಿದಿತ್ತು.